ಫೋನಿನ ಬಾಯಿಗೆ ಮೆತ್ತಿದ ಗಂಧ

ಈ ಸಲ ಆಯುಧಪೂಜೆಯ ದಿನ ನಾನು ನಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಎಲ್ಲರ ಮುಂದೆ ಕಿರುಚಿಬಿಟ್ಟೆ. ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಹನ್ನೆರಡು ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗು, ಎಕ್ಸೆಲ್ಲು ಹೇಳಿಕೊಡುವ ಜಾಗ ಅದು. ನಾನು ಅಲ್ಲಿ ಮೇಡಂ. ಹುಡುಗಿಯರು ಕಂಪ್ಯೂಟರುಗಳನ್ನು ಒರೆಸಿ, ಚೆಂಡುಹೂ ಸಿಕ್ಕಿಸಿ, ಬಟ್ಟಲಲ್ಲಿ ಕಲಸಿದ ಗಂಧವನ್ನು ಒಂದೊಂದಕ್ಕೂ ಇಡುತ್ತ ಬರುತ್ತಿದ್ದರು. ಒಬ್ಬಳು ಪೆನ್‌ಡ್ರೈವ್ ಹಾಕುವ ತೂತಿಗೇ ನೇರವಾಗಿ ಬೆರಳು ಒತ್ತಿದಳು. ತೂತಿಗೆ ಇಡಬೇಡ, ತೆಗಿ ಕೈ ಅಂತ ನಾನು ಕೂಗಿದ ರಭಸಕ್ಕೆ ಅವಳು ಬಟ್ಟಲು ಹಿಡಿದೇ ನಿಂತುಬಿಟ್ಟಳು. ಪಾಪ, ಅವಳದೇನು ತಪ್ಪು? ಆ ಹಸಿಗಂಧದ ವಾಸನೆ ನನ್ನ ಮೂಗಿಗೆ ಬಡಿದಿತ್ತು. ಅದರ ಜೊತೆಗೇ ಎರಡು ವರ್ಷದ ಹಿಂದೆ ಆಯುಧಪೂಜೆಯಿಂದ ಶುರುವಾದ ಹತ್ತು ದಿನಗಳೂ ಬಂದು ಬಡಿದವು.

ನಮ್ಮಮ್ಮನ ತವರು ಮೂಗೂರಿನಿಂದ ಸ್ವಲ್ಪ ಆಚೆ. ಅಮ್ಮನ ತಮ್ಮ ಮಾದೇವ ಮಾವ ಆ ಊರಿನ ನೀರುಗಂಟಿ. ನೀರುಗಂಟಿ ಅಂದರೆ ನಾಲೆಯ ತೂಬು ತೆಗೆದು ಮುಚ್ಚುವವನು, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ಸರದಿ ನೋಡಿ ಬಿಡುವವನು. ಮಾವನ ಅಪ್ಪ, ತಾತ ಎಲ್ಲ ಇದೇ ಕೆಲಸ ಮಾಡಿದವರು. ಮಾವನ ಮನೆಯ ಗೋಡೆಯಲ್ಲಿ ಬುದ್ಧನ ಫೋಟೋ, ಪಕ್ಕದಲ್ಲಿ ಮಾದಪ್ಪನ ಫೋಟೋ. ಅವೆರಡರ ಕೆಳಗೆ ಗೋಡೆಗೆ ಒರಗಿಸಿದ, ಮಣ್ಣೆತ್ತುವ ಸನಿಕೆ. ಆ ಸನಿಕೆ ಇಲ್ಲದೆ ಮಾವನನ್ನು ನಾನು ನೋಡಿದ್ದು ಮದುವೆ ಮನೆಗಳಲ್ಲಿ ಮಾತ್ರ.

ಆ ವರ್ಷ ಹಬ್ಬಕ್ಕೆ ಹೋದಾಗ ಮಾವನ ಮುಖ ಸರಿಯಿರಲಿಲ್ಲ. ದಸರಾ ಹೊತ್ತಿಗೆ ಭತ್ತ ಹೊಡೆ ಕಟ್ಟುವ, ಒಳಗೊಳಗೇ ತೆನೆ ಕೂಡುವ ಸಮಯ. ನಾಲೆಯಲ್ಲೋ ನೀರು ಕಮ್ಮಿ. ಐದು ದಿನ ನೀರು ಬಿಟ್ಟು ಐದು ದಿನ ನಿಲ್ಲಿಸುವ ಕಟ್ಟು ಪದ್ಧತಿ ಶುರುವಾಗಿತ್ತು. ಬಿಟ್ಟ ಐದು ದಿನದಲ್ಲಿ ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ತೂಬಿನ ಬುಡದ ಗದ್ದೆಗೆ, ಹನ್ನೆರಡರಿಂದ ಸಂಜೆ ಆರರವರೆಗೆ ಕಾಲುವೆಯ ಕೊನೆಯ ಗದ್ದೆಗೆ, ರಾತ್ರಿಯದು ಬೇರೆಯವರಿಗೆ. ಬುಡದ ಗದ್ದೆ ಗುರುಸ್ವಾಮಿಯದು. ಕೊನೆಯದು ಚಿಕ್ಕತಾಯಮ್ಮನದು, ಒಂಟಿ ಹೆಂಗಸು, ಒಂದೂವರೆ ಎಕರೆ. ಗುರುಸ್ವಾಮಿ ನೀರು ಬಳಕೆದಾರರ ಸಂಘಕ್ಕೆ ದೂರು ಕೊಟ್ಟಿದ್ದ. ನೀರುಗಂಟಿ ದಿನಾ ನನ್ನ ಸರದಿ ಮುಗಿಯುವ ಮೊದಲೇ ತೂಬು ಮುಚ್ಚಿ ಆ ನೀರನ್ನು ಕೊನೆಗೆ ಹೊಡೆಯುತ್ತಾನೆ, ಇಂಥವನು ನಮಗೆ ಬೇಡ, ಬೇಕಾದರೆ ತೂಬಿನ ಕೀಲಿ ನಾನೇ ಇಟ್ಟುಕೊಳ್ಳುತ್ತೇನೆ ಎಂದಿದ್ದ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಅರ್ಜಿ ಹಾಕಿದ ಹಾಗಿತ್ತು. ಹಬ್ಬದಿಂದ ಹತ್ತನೇ ದಿನ ಸಭೆ. ಅಲ್ಲಿ ಮಾವ ತಾನು ನ್ಯಾಯವಾಗಿ ನೀರು ಬಿಡುತ್ತಿದ್ದೇನೆ ಎಂದು ತೋರಿಸಬೇಕು, ಇಲ್ಲದಿದ್ದರೆ ಸನಿಕೆ ಇಳಿಸಬೇಕು. ತೂಬು ಗುರುಸ್ವಾಮಿಯ ಕೈಗೆ ಹೋದರೆ ಚಿಕ್ಕತಾಯಮ್ಮನ ಭತ್ತವೆಲ್ಲ ಜಳ್ಳು ಎಂಬುದು ಊರಿಗೇ ಗೊತ್ತಿತ್ತು.

"ನಾ ಯಾರಿಗೂ ಮೋಸ ಮಾಡಿಲ್ಲ ಕಣವ್ವ," ಅಂದ ಮಾವ. "ಆದ್ರೆ ಅದ್ನ ಎಂಗ್ ತೋರುಸ್ಲಿ?"

ನನಗೊಂದು ರೋಗವಿದೆ. ಯಾರಾದರೂ ಕಷ್ಟ ಹೇಳಿಕೊಂಡರೆ ಪೂರ್ತಿ ಕೇಳುವ ಮೊದಲೇ ಪರಿಹಾರ ಹೇಳಿಬಿಡುವ ರೋಗ. ಆಗ ನಾನು ಯೂಟ್ಯೂಬ್ ನೋಡಿ ನೋಡಿ ಮೊಬೈಲ್ ಆ್ಯಪ್ ಮಾಡುವುದನ್ನು ಕಲಿತು ಎಂಟು ತಿಂಗಳಾಗಿತ್ತು. ಇನ್‌ಸ್ಟಿಟ್ಯೂಟಿಗೆ ಹಾಜರಿ ಹಾಕುವ ಒಂದು ಆ್ಯಪ್ ಮಾಡಿದ್ದೆ, ಅಷ್ಟೇ ನನ್ನ ಬಂಡವಾಳ. ಆದರೂ ಎದೆ ತಟ್ಟಿ ಹೇಳಿದೆ: ನಾನೊಂದು ಆ್ಯಪ್ ಮಾಡಿಕೊಡುತ್ತೇನೆ ಮಾವ, ತೂಬು ಮುಚ್ಚುವಾಗ, ತೆಗೆಯುವಾಗ ಒಂದು ಬಟನ್ ಒತ್ತು, ಅದೇ ಫೋಟೋ ತೆಗೆದು ಅದರ ಮೇಲೆ ಹೊತ್ತು ಗೊತ್ತು ಎಲ್ಲ ಬರೆದುಕೊಳ್ಳುತ್ತದೆ, ಆಮೇಲೆ ಯಾರೂ ತಿದ್ದುವುದಕ್ಕಾಗುವುದಿಲ್ಲ, ನಿನ್ನ ಫೋನೇ ಸಾಕ್ಷಿ ಹೇಳುತ್ತದೆ. ನಿಜವಾಗಿ ಅವನು ಸರದಿಯನ್ನು ಹೇಗೆ ಲೆಕ್ಕ ಹಾಕುತ್ತಾನೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ಹೇಳುವುದು ನನ್ನನ್ನೇ ನೋಡಿಕೊಂಡು.

ಅಷ್ಟರಲ್ಲಿ ಪೂಜೆಗೆ ಸನಿಕೆ, ಕುಡುಗೋಲು, ಟಾರ್ಚು, ಸೈಕಲ್ಲು ಸಾಲಾಗಿ ಕೂತಿದ್ದವು. ಇನ್ನು ಮೇಲೆ ಫೋನೂ ಆಯುಧ ತಾನೇ ಎಂದು ಮಾವ ತನ್ನ ಹಳೇ ಮೊಬೈಲನ್ನೂ ಮಣೆಯ ಮೇಲಿಟ್ಟ. ಗಂಧದ ಬೆರಳು ಫೋನಿನ ಬೆನ್ನಿಗೆ ಹೋಗುತ್ತಿತ್ತು. ಅಯ್ಯೋ, ಅಲ್ಲಿ ಕ್ಯಾಮರಾ ಇದೆ ಮಾವ, ಕೆಳಗಡೆ ಇಡು ಎಂದು ನಾನೇ ಹೇಳಿದೆ. ಮಾವ ಸೊಸೆ ಹೇಳಿದ ಹಾಗೆ ಕೆಳಗಡೆ, ಚಾರ್ಜರ್ ಹಾಕುವ ಜಾಗದಲ್ಲಿ, ಧಾರಾಳವಾಗಿ ಇಟ್ಟ. ನಾನು ಒಬ್ಬಟ್ಟು ತಿಂದು ಬಸ್ ಹತ್ತಿದೆ.

ನಂಜನಗೂಡಿನಲ್ಲಿ ನಾವಿದ್ದದ್ದು ರೈಲ್ವೆ ಸ್ಟೇಷನ್ ಕಡೆಯ ಎರಡು ಕೋಣೆಯ ಮನೆ. ನನ್ನ ಲ್ಯಾಪ್‌ಟಾಪು ಸೆಕೆಂಡ್ ಹ್ಯಾಂಡು. ಕೆಲಸಕ್ಕೆ ಹಚ್ಚಿದರೆ ಅದರ ಬೆನ್ನ ಮೇಲೆ ರೊಟ್ಟಿ ಬೇಯಿಸಬಹುದು ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಮಾರನೇ ದಿನ ಬೆಳಿಗ್ಗೆಯಿಂದಲೇ ಕೂತೆ. ಕೂತೆ ಎನ್ನುವುದು ಸುಳ್ಳು, ನನಗೆ ಕೂತಲ್ಲಿ ಕೂರುವುದಕ್ಕಾಗುವುದಿಲ್ಲ. ನಾವು ಬರೆದದ್ದನ್ನೆಲ್ಲ ಕಟ್ಟಿ ಒಂದು ಆ್ಯಪ್ ಮಾಡುವುದಕ್ಕೆ ಬಿಲ್ಡ್ ಅನ್ನುತ್ತಾರೆ. ನನ್ನ ಲ್ಯಾಪ್‌ಟಾಪಿಗೆ ಒಂದು ಬಿಲ್ಡಿಗೆ ಕಾಲು ಗಂಟೆ ಬೇಕು. ಆ ಕಾಲು ಗಂಟೆ ನಾನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆಯುತ್ತಿದ್ದೆ. ಬಂದು ನೋಡಿದರೆ ಕೆಂಪಕ್ಷರ: ಬಿಲ್ಡ್ ಫೇಲ್ಡ್. ಒಂದು ಸಲವಲ್ಲ, ಎಷ್ಟೋ ಸಲ. ಬರೆದದ್ದರಲ್ಲಿ ತಪ್ಪು ಹುಡುಕಿದೆ, ತಪ್ಪಿರಲಿಲ್ಲ. ಅಳಿಸಿ ಮತ್ತೆ ಬರೆದೆ, ಅದೇ ಕೆಂಪು. ಒಂದೂವರೆ ದಿನ ಹೀಗೆ ಮೈ ಪರಚಿಕೊಂಡ ಮೇಲೆ ಆ ಕೆಂಪಿನ ತುದಿಯಲ್ಲಿದ್ದ ಸಣ್ಣಕ್ಷರವನ್ನು ಓದಿದೆ. ನಾನು ಅಭಿಮಾನದಿಂದ ಆ ಕೆಲಸದ ಫೋಲ್ಡರಿಗೆ ಕನ್ನಡದಲ್ಲಿ 'ಮಾವನ ನೀರು' ಎಂದು ಹೆಸರಿಟ್ಟಿದ್ದೆ. ಆ ಸಾಫ್ಟ್‌ವೇರಿಗೆ ಇಂಗ್ಲಿಷ್ ಅಕ್ಷರದ ಹೆಸರೇ ಬೇಕಂತೆ, ಬೇರೆ ಅಕ್ಷರವಿದ್ದರೆ ಒಳಗೇ ಹೋಗುವುದಿಲ್ಲವಂತೆ. ಹೆಸರು ಬದಲಾಯಿಸಿದ ತಕ್ಷಣ ಹಸಿರು ಬಂತು. ಖುಷಿಗಿಂತ ಸಿಟ್ಟೇ ಹೆಚ್ಚಾಯಿತು.

ನನ್ನ ಫೋನಿನಲ್ಲಿ ಆ್ಯಪ್ ಚೆನ್ನಾಗಿ ನಡೆಯಿತು. ಬಚ್ಚಲ ನಲ್ಲಿಯನ್ನೇ ತೂಬು ಎಂದುಕೊಂಡು ಹತ್ತು ಫೋಟೋ ತೆಗೆದು ನೋಡಿದೆ. ಅದನ್ನು ವಾಟ್ಸಾಪಿನಲ್ಲಿ ಮಾವನಿಗೆ ಕಳಿಸಿದೆ, ಪಕ್ಕದ ಮನೆಯ ಯಾರೋ ಹಾಕಿಕೊಟ್ಟರು. ಸಂಜೆ ಮಾವನ ಫೋನು ಬಂತು. ಆ್ಯಪ್ ತೆರೆಯುತ್ತದಂತೆ, ಫೋಟೋದ ಬಟನ್ ಒತ್ತಿದ ಕೂಡಲೇ ಮುಚ್ಚಿಕೊಳ್ಳುತ್ತದಂತೆ. "ಬಾಗ್ಲು ತೆಗ್ದು ಮಖ ನೋಡಿ ದಪ್ ಅಂತ ಮುಚ್ಕೊತದೆ ಕಣವ್ವ, ಸಾಲ ಕೇಳಾಕ್ ಓದಂಗೆ," ಅಂದ. ನಾನು ನಗಲಿಲ್ಲ. ಯಾಕೆ ಮುಚ್ಚಿಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಆ ಫೋನನ್ನೇ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಅದು ಮುಚ್ಚಿಕೊಳ್ಳುವಾಗ ಒಳಗೊಳಗೇ ಗೊಣಗುವುದನ್ನು ಓದಬೇಕು. ಬೇರೆ ದಾರಿಯಿಲ್ಲ. ನನ್ನ ಫೋನನ್ನೇ ಕೊಡುತ್ತೇನೆ ಎಂದೆ. ಸೊಸೆ ಫೋನು, ಸೊಸೆ ಕೈವಾಡ ಅಂತಾರೆ, ನನ್ನದರಲ್ಲೇ ಆಗಬೇಕು ಎಂದ ಮಾವ. ಅದೂ ನ್ಯಾಯವೇ.

ಐದನೇ ದಿನ ಮಾವ ಬೆಳಗಿನ ಮೊದಲ ಬಸ್ಸಿಗೆ ನರಸೀಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಹಿಡಿದು ನಂಜನಗೂಡಿಗೆ ಬಂದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಜೇಬಲ್ಲಿ ಫೋನು. ಮಾರನೇ ದಿನ ನಾಲೆಗೆ ನೀರು ಬರುವುದಿತ್ತು, ಸಂಜೆಗೆ ಅವನು ವಾಪಸಾಗಬೇಕು. ಕೇಬಲ್ ಚುಚ್ಚಿದೆ. ಫೋನು ಚಾರ್ಜ್ ಆಗತೊಡಗಿತು, ಸರಿ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಯಾವ ಡಿವೈಸೂ ಸಿಕ್ಕಿಲ್ಲ. ತೆಗೆದು ಚುಚ್ಚಿದೆ. ಇಲ್ಲ. ಸೆಟ್ಟಿಂಗಿನಲ್ಲಿ ಒಂದು ಕಡೆ ಏಳು ಸಲ ಬೆರಳು ಒತ್ತಿದರೆ ಗುಪ್ತ ಬಾಗಿಲೊಂದು ತೆರೆಯುತ್ತದೆ; ಒತ್ತಿದೆ, ತೆರೆಯಿತು, ಅಲ್ಲಿರುವ ಸ್ವಿಚ್ಚು ಹಾಕಿದೆ. ಆಗಲೂ ಇಲ್ಲ.

ಏನಾಯಿತವ್ವ ಎಂದು ಮಾವ ಕೇಳಿದ. ಫೋನು ಕಾಣುತ್ತಿಲ್ಲ ಎಂದೆ. ನಿನ್ನ ಕೈಯಲ್ಲೇ ಇದೆಯಲ್ಲ ಎಂದ. ನನಗಲ್ಲ, ಲ್ಯಾಪ್‌ಟಾಪಿಗೆ ಕಾಣುತ್ತಿಲ್ಲ ಎಂದು ಸಿಡುಕಿದೆ. ಅವನು ಹೊಳೆಗೆ ಹೋಗಿ ಸ್ನಾನ ಮಾಡಿ, ನಂಜುಂಡೇಶ್ವರನಿಗೆ ಕೈಮುಗಿದು ಬಂದ. ನಾನು ಇನ್ನೂ ಅಲ್ಲೇ ಇದ್ದೆ. ಅವನು ಬಂದು ಗೋಡೆಗೊರಗಿ ಕೂತು, ಸ್ವಲ್ಪ ಹೊತ್ತು ನನ್ನ ಒದ್ದಾಟ ನೋಡಿದ.

"ನಾಲೆಲಿ ನೀರದೆ, ಕೊನೇ ಗದ್ದೆಗ್ ಬರ್ನಿಲ್ಲ ಅಂದ್ರೆ ನಾನು ನಾಲೆನೂ ಬಯ್ಯಾಕಿಲ್ಲ, ಗದ್ದೆನೂ ಬಯ್ಯಾಕಿಲ್ಲ ಕಣವ್ವ. ಒಂದ್ ತುದಿಯಿಂದ ನಡ್ಕೊಂಡ್ ಓಯ್ತೀನಿ. ನಡುವೆ ಎಲ್ಲೋ ಕಟ್ಕೊಂಡಿರ್ತದೆ."

ಇದು ಕಾಲುವೆಯಲ್ಲ ಮಾವ, ನಿನಗೆ ಗೊತ್ತಾಗುವುದಿಲ್ಲ ಸುಮ್ಮನಿರು ಎಂದೆ. ಹಾಗೆ ಅಂದದ್ದು ಇವತ್ತಿಗೂ ನನಗೆ ಚುಚ್ಚುತ್ತದೆ. ಅವನು ಅಮ್ಮ ಬಡಿಸಿದ ಮುದ್ದೆ ಉಂಡು, ಫೋನನ್ನು ನನ್ನ ಹತ್ತಿರ ಬಿಟ್ಟು ಸಂಜೆ ಬಸ್ಸಿಗೆ ಹೋದ.

ಆಮೇಲಿನ ಎರಡು ದಿನ ನಾನು ಮನುಷ್ಯಳಾಗಿರಲಿಲ್ಲ. ಮೂರು ಕೇಬಲ್ ತಂದೆ. ಲ್ಯಾಪ್‌ಟಾಪಿನ ಒಂದೊಂದು ತೂತಿಗೂ ಹಾಕಿ ನೋಡಿದೆ. ಡ್ರೈವರ್ ಎಂಬ ಸಾಫ್ಟ್‌ವೇರನ್ನು ತೆಗೆದು ಹಾಕಿದೆ, ಹಾಕಿ ತೆಗೆದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಜಗತ್ತಿನ ಮೂಲೆ ಮೂಲೆಯ ಜನ ಇದೇ ಗೋಳು ಹೇಳಿಕೊಂಡಿದ್ದರು, ಒಬ್ಬೊಬ್ಬರದು ಒಂದೊಂದು ಮದ್ದು, ಎಲ್ಲ ಕುಡಿಸಿದೆ. ಕೇಬಲ್ಲಿಲ್ಲದೆ ವೈಫೈ ಮೇಲೆ ಜೋಡಿಸುವ ದಾರಿಯೂ ಇದೆ, ಅದಕ್ಕೆ ಮಾವನ ಫೋನು ತೀರ ಹಳೆಯದು. ಸಭೆಗೆ ಮೂರು ದಿನ ಉಳಿದಿತ್ತು. ಊಟ ಸೇರುತ್ತಿರಲಿಲ್ಲ. ಅಮ್ಮ ಏನಾದರೂ ಕೇಳಿದರೆ ಮೇಲೆ ಬೀಳುತ್ತಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಸ್ಟೇಷನ್ನಿನವರೆಗೆ ನಡೆದು ಹೋಗಿ, ಮೈಸೂರು ರೈಲು ನೋಡಿ, ವಾಪಸು ಬಂದು ಮತ್ತೆ ಅದೇ ಕೇಬಲ್ ಚುಚ್ಚುತ್ತಿದ್ದೆ. ಮಾವನ ಎದುರು ದೊಡ್ಡ ಮಾತಾಡಿದ್ದೆನಲ್ಲ, ಅದು ತಿನ್ನುತ್ತಿತ್ತು. ಅವನು ಬೇರೆ ಯಾರನ್ನಾದರೂ ನಂಬಿದ್ದರೆ ಈ ಹೊತ್ತಿಗೆ ನಾಲ್ಕು ಜನ ಹಿರಿಯರ ಕೈಲಿ ಒಂದು ಮಾತು ಹೇಳಿಸಿಕೊಂಡಿರುತ್ತಿದ್ದ.

ಏಳನೇ ದಿನ ಮಧ್ಯಾಹ್ನ ಬೇರೇನೂ ತೋಚದೆ, ಸಿಟ್ಟಿನಿಂದಲೇ, ಆಯಿತು ನಿನ್ನ ಮಾತೂ ನೋಡೇಬಿಡೋಣ ಎಂದು ಒಂದು ತುದಿಯಿಂದ ನಡೆದೆ. ಲ್ಯಾಪ್‌ಟಾಪಿನ ತೂತು, ಸರಿ. ಕೇಬಲ್ಲು, ನನ್ನ ಫೋನಿಗೆ ಹಾಕಿದರೆ ಸರಿ. ಉಳಿದದ್ದು ಮಾವನ ಫೋನಿನ ಬಾಯಿ. ಕಿಟಕಿಯ ಬೆಳಕಿಗೆ ಹಿಡಿದೆ. ಪಿನ್ನು ಕೂರುವ ಜಾಗದ ಅರ್ಧದಲ್ಲಿ ಏನೋ ಹಳದಿ ಗೋಡೆ. ಪೊರಕೆಯಿಂದ ತೆಂಗಿನ ಕಡ್ಡಿಯೊಂದನ್ನು ಮುರಿದು, ತುದಿ ಸೀಳಿ ಮೆಲ್ಲಗೆ ಕೆದಕಿದರೆ ಪುಡಿಪುಡಿಯಾಗಿ ಗಂಧ ಬಂತು, ಹಿಂದೆಯೇ ಸ್ವಲ್ಪ ಕುಂಕುಮ. ಕರೆಂಟು ಹೋಗುವ ಸರಿಗೆಗಳು ಹೇಗೋ ಬಚಾವಾಗಿದ್ದವು, ಸುದ್ದಿ ಹೋಗುವ ಸರಿಗೆಗಳ ಮೇಲೆ ನನ್ನ ಹಬ್ಬ ಒಣಗಿ ಕೂತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಕೆಳಗಡೆ ಇಡು ಮಾವ ಎಂದು ಹೇಳಿದವಳು ನಾನೇ. ಅಂಗೈಯ ಆ ಪುಡಿಯನ್ನು ಮೂಸಿ ನೋಡಿ, ನಕ್ಕು, ಆಮೇಲೆ ಅತ್ತೆ. ಅಮ್ಮ ಒಲೆ ಬಿಟ್ಟು ಓಡಿಬಂದಳು.

ಕೇಬಲ್ ಚುಚ್ಚಿದ ಕ್ಷಣಕ್ಕೆ ಫೋನು ಕಂಡಿತು. ಅದು ಗೊಣಗುತ್ತಿದ್ದದ್ದು ಇಷ್ಟೇ: ಅಷ್ಟು ಹಳೆಯ ಫೋನಿನಲ್ಲಿ ಫೋಟೋ ಉಳಿಸುವುದಕ್ಕೆ ಬೇರೆಯೇ ಒಂದು ಅನುಮತಿ ಕೇಳಬೇಕು, ನಾನು ಕೇಳಿರಲಿಲ್ಲ. ಮೂರು ಸಾಲು ಬರೆದೆ, ಮುಗಿಯಿತು.

ಎಂಟನೇ ದಿನ ಇನ್‌ಸ್ಟಿಟ್ಯೂಟಿಗೆ ರಜೆ ಹೇಳಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದೆ. ಗಂಧದ ಕಥೆ ಹೇಳಿದ್ದಕ್ಕೆ ಮಾವ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಇಬ್ಬರೂ ತೂಬಿನ ಹತ್ತಿರ ಹೋದೆವು. ಮಾವ ಗುರುಸ್ವಾಮಿಯ ತೂಬು ಇಳಿಸಿ, ನೀರನ್ನು ಕೊನೆಯ ಕಾಲುವೆಗೆ ತಿರುಗಿಸಿ, ನಾನು ಹೇಳಿಕೊಟ್ಟಂತೆ ಬಟನ್ ಒತ್ತಿದ. ಫೋಟೋ ಬಂತು. ಅದರ ಕೆಳಗೆ ಹೊತ್ತು ಬಂತು. ಹನ್ನೊಂದು ಗಂಟೆ ಇಪ್ಪತ್ತೊಂದು ನಿಮಿಷ.

ನಾನು ಮತ್ತೆ ಓದಿದೆ. ಗುರುಸ್ವಾಮಿಯ ಸರದಿ ಹನ್ನೆರಡಕ್ಕೆ ಮುಗಿಯಬೇಕು. ಇನ್ನೂ ಮೂವತ್ತೊಂಬತ್ತು ನಿಮಿಷ ಇದೆ. ದಿನಾ ಇಷ್ಟೊತ್ತಿಗೇನಾ ಮುಚ್ಚುವುದು ಎಂದು ಕೇಳಿದೆ. ಹೂಂ ಎಂದ, ಏನೂ ಆಗದವನ ಹಾಗೆ. ಅಂದರೆ ಗುರುಸ್ವಾಮಿ ಹೇಳಿದ್ದು ನಿಜ. ವಾರವಿಡೀ ಒದ್ದಾಡಿ, ಊಟ ಬಿಟ್ಟು, ನಾನು ಕಟ್ಟಿದ್ದು ನನ್ನ ಮಾವನ ವಿರುದ್ಧದ ಸಾಕ್ಷಿಯನ್ನು. ಅದೂ ಯಾರೂ ತಿದ್ದಲಾಗದಂಥದ್ದು, ನಾನೇ ಹಾಗೆ ಮಾಡಿದ್ದೆ. ನಾಲೆಯ ದಂಡೆಯ ಮೇಲೆ ನಿಂತೇ ಜಗಳ ತೆಗೆದೆ. ಮೋಸ ಮಾಡಿಲ್ಲ ಎಂದು ನನ್ನ ಹತ್ತಿರವೂ ಸುಳ್ಳು ಹೇಳಿದೆಯಾ, ಚಿಕ್ಕತಾಯಮ್ಮನ ಮೇಲೆ ಕನಿಕರ ಇದ್ದರೆ ಇನ್ನೊಬ್ಬರ ನೀರು ಕದಿಯಬೇಕಾ ಎಂದೆಲ್ಲ ಬಾಯಿಗೆ ಬಂದಂತೆ ಅಂದೆ. ಮಾವನ ಮುಖ ಸಣ್ಣದಾಯಿತು. ಸನಿಕೆ ಹೆಗಲಿಗಿಟ್ಟು, "ನಾಳಿಕ್ ನನ್ ಜೊತೆ ನಡಿ," ಅಂದ.

ಮಾರನೇ ದಿನ ಅದೇ ಹನ್ನೊಂದು ಇಪ್ಪತ್ತಕ್ಕೆ ಮಾವ ನೀರು ತಿರುಗಿಸಿದ. ಆಮೇಲೆ ಕಾಲುವೆಯ ಪಕ್ಕ ನಡೆಯತೊಡಗಿದ, ನಾನು ಹಿಂದೆ. ಬಿಸಿಲಿಗೆ ಬಿರುಕು ಬಿಟ್ಟ ಮಣ್ಣುಕಾಲುವೆ ಅದು. ನೀರಿನ ಮೂತಿ ಒಣಗಿದೆಲೆ, ನೊರೆ, ಹುಳ ಎಲ್ಲ ತಳ್ಳಿಕೊಂಡು ನಮ್ಮ ಜೊತೆಯಲ್ಲೇ ಬರುತ್ತಿತ್ತು. ಬರುತ್ತಿತ್ತು ಎಂದರೆ, ತೆವಳುತ್ತಿತ್ತು. ಒಂದು ಬಿರುಕು ಬಂದರೆ ನಿಂತು ಅದನ್ನು ಕುಡಿಸಿ ಮುಂದೆ ಹೊರಡುತ್ತಿತ್ತು. ಏಡಿ ಬಿಲ ಬಂದರೆ ಅದರೊಳಗೆ ಗುಳುಗುಳು ಎಂದು ಇಳಿದು ತುಂಬುವವರೆಗೆ ಅಲ್ಲೇ. ನನಗೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಕಾಯುವುದೇ ಕೆಲಸವಾಯಿತು. ಮಾವ ಮಾತ್ರ ಸರಿಯಾಗಿ ಅದರ ಪಕ್ಕದಲ್ಲೇ, ಮಗುವನ್ನು ನಡೆಸಿಕೊಂಡು ಬರುವವನ ಹಾಗೆ ಬರುತ್ತಿದ್ದ, ಆಗಾಗ ಸನಿಕೆಯಿಂದ ಒಂದು ಹೆಂಟೆ ಎತ್ತಿ ಬದಿಗಿಡುತ್ತ. ಕೊನೆಯಲ್ಲಿ ಚಿಕ್ಕತಾಯಮ್ಮ ಬದುವಿನ ಮೇಲೆ ಕೂತಿದ್ದಳು. ನೀರು ಅವಳ ಗದ್ದೆಯ ಬಾಯಿಗೆ ಬಂದು, ಭತ್ತದ ಬುಡಕ್ಕೆ ಮುಟ್ಟಿದಾಗ ನನ್ನ ಫೋನು ನೋಡಿದೆ. ಹನ್ನೆರಡಕ್ಕೆ ಒಂದು ನಿಮಿಷ ಕಮ್ಮಿ.

"ಸರದಿ ಅಂದ್ರೆ ನೀರು ಗದ್ದೆ ಮುಟ್ಟುದ್ ಒತ್ತು ಕಣವ್ವ, ತೂಬು ತೆಗ್ದ ಒತ್ತಲ್ಲ," ಅಂದ ಮಾವ. "ಗುರುಸ್ವಾಮಿ ಗದ್ದೆ ತೂಬ್ನ ಬುಡ್ದಲ್ಲೇ ಅದೆ, ತೆಗುದ್ರೆ ಬಂತು. ಇವ್ಳ್ ನೀರು ಇಷ್ಟು ದೂರ ನಡ್ಕೊಂಡ್ ಬರ್ಬೇಕಲ್ಲ. ಆ ನಡೆಯೋ ಒತ್ತ ಯಾರ್ ಕೊಡ್ಬೇಕು?"

ನಾನು ತಲೆ ತಗ್ಗಿಸಿದೆ. ಆರರಿಂದ ಹನ್ನೆರಡು ಎಂದು ಮಾತ್ರ ಕೇಳಿ, ತೂಬಿನ ಬಾಯಿಗೆ ಗಡಿಯಾರ ಕಟ್ಟಿದ್ದೆ. ಅವನೋ ಇಪ್ಪತ್ತಾರು ವರ್ಷ ನೀರಿನ ಜೊತೆ ನಡೆದಿದ್ದ. ಕ್ಷಮಿಸು ಎಂದು ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಅದರ ಬದಲು, ಇನ್ನೊಂದು ಬಟನ್ ಹಾಕುತ್ತೇನೆ ಮಾವ, ನೀರು ಬಂತು ಎನ್ನುವ ಬಟನ್ನು, ಎಂದೆ. ಅವನಿಗೆ ನಗು ಬಂತು. ನಿನ್ನೆಯಿಂದ ಅವನು ನಕ್ಕಿದ್ದು ಆಗಲೇ.

ಸಭೆ ಮಾರನೇ ದಿನ ನಾಲ್ಕು ಗಂಟೆಗೆ, ಆದರೆ ಬಟನ್ನು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೇ ಮಾವನ ಫೋನಿನಲ್ಲಿರಬೇಕು. ಬದುವಿನಿಂದ ನೇರ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಬಟನ್ ಹಾಕುವುದು ಕಷ್ಟವಲ್ಲ, ಮೂರು ಗಂಟೆಗೆ ಬರೆದು ಮುಗಿಸಿದೆ. ಬಿಲ್ಡ್ ಒತ್ತಿದೆ, ಕರೆಂಟು ಹೋಯಿತು, ಹೋದದ್ದು ಯಾವಾಗ ಬರುವುದೋ ಯಾರಿಗೂ ಗೊತ್ತಿಲ್ಲ. ಬ್ಯಾಟರಿ ಇಪ್ಪತ್ತೆರಡು. ನನ್ನ ಬ್ಯಾಟರಿ ಎಂಥದೆಂದು ನನಗೆ ಗೊತ್ತು, ಇಪ್ಪತ್ತೆರಡು ಎಂದರೆ ಅರ್ಧ ಗಂಟೆಯೂ ಇಲ್ಲ. ಮೊದಲ ಸಲ ಕೆಂಪು ಬಂತು. ಒಂದು ಆವರಣ ಮುಚ್ಚಿರಲಿಲ್ಲ. ಮುಚ್ಚಿ ಮತ್ತೆ ಒತ್ತುವಷ್ಟರಲ್ಲಿ ಹದಿನಾಲ್ಕು. ಪರದೆಯ ಬೆಳಕು ಪೂರ್ತಿ ಇಳಿಸಿದೆ. ನಾನು ನಡುಮನೆಯಲ್ಲಿ ಹೆಜ್ಜೆ ಹಾಕುವುದನ್ನು ನೋಡಲಾರದೆ ಮಾವನ ಹೆಂಡತಿ, ನನ್ನ ಅತ್ತೆ, ಹೊರಗೆ ಹೋಗಿ ಕೂತಳು. ಮಾವ ಮಾತ್ರ ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅದರಲ್ಲಿ ಉದ್ದವಾಗುತ್ತಿದ್ದ ಪಟ್ಟಿಯನ್ನು ನೋಡುತ್ತಿದ್ದ. "ಬತ್ತಾ ಅದೆ, ಬತ್ತಾ ಅದೆ, ಓಡಾಡ್ಬ್ಯಾಡ," ಅಂದ. ಐದಕ್ಕೆ ಇಳಿದಾಗ ಹಸಿರು ಬಂತು. ಕೇಬಲ್ಲಿನ ಬಾಯಿಯನ್ನು ಊದಿ, ಫೋನಿನ ಬಾಯಿಯನ್ನು ಊದಿ ಚುಚ್ಚಿದೆ. ಆ್ಯಪ್ ಫೋನಿಗೆ ಹೋಗಿ ಕೂತ ಮೇಲೆ ಲ್ಯಾಪ್‌ಟಾಪು ಸತ್ತಿತು.

ಹತ್ತನೇ ದಿನ ಮಾವ ತೂಬಿನ ಹತ್ತಿರ ಒಂದು, ಕೊನೆಯ ಗದ್ದೆಯಲ್ಲಿ ಒಂದು, ಎರಡೂ ಬಟನ್ ಒತ್ತಿಯೇ ಬಂದಿದ್ದ. ಸಮುದಾಯ ಭವನದಲ್ಲಿ ಮೂವತ್ತು ಜನ ಇದ್ದರು. ಗುರುಸ್ವಾಮಿ ಎದ್ದು ದೂರು ಹೇಳಿದ. ಅಧ್ಯಕ್ಷರು ಏನಪ್ಪ ಮಾದೇವಯ್ಯ ಎಂದರು. ಮಾವ ಮಾತಾಡದೆ ಫೋನು ಕೊಟ್ಟ. ಅಧ್ಯಕ್ಷರು ಅವತ್ತಿನ ಮೊದಲ ಫೋಟೋದ ಹೊತ್ತನ್ನು ಜೋರಾಗಿ ಓದಿದರು, ಹನ್ನೊಂದು ಇಪ್ಪತ್ತು. ಗುರುಸ್ವಾಮಿ ತೊಡೆ ತಟ್ಟಿಕೊಂಡ. "ನೋಡ್ರಪ್ಪಾ, ಅವನ್ ಫೋನೇ ಏಳ್ತಾ ಅದೆ, ನಲವತ್ ನಿಮಿಷ ಕದ್ದವ್ನೆ ಅಂತ." ಭವನದಲ್ಲಿ ಗುಸುಗುಸು ಎದ್ದಿತು. ಪಕ್ಕಕ್ಕೆ ತಳ್ಳಿ, ಇನ್ನೊಂದಿದೆ ನೋಡಿ ಎಂದೆ.

ಎರಡನೇ ಫೋಟೋದಲ್ಲಿ ಚಿಕ್ಕತಾಯಮ್ಮ ಸೀರೆ ಎತ್ತಿಕಟ್ಟಿ ಗದ್ದೆಯ ಬಾಯಲ್ಲಿ ನಿಂತಿದ್ದಳು, ಹೊಸನೀರು ಅವಳ ಹೆಬ್ಬೆರಳನ್ನು ಮುಟ್ಟುತ್ತಿತ್ತು. ಕೆಳಗೆ ಬರೆದಿತ್ತು: ನೀರು ಬಂತು, ಹನ್ನೆರಡು ಗಂಟೆ. ಅಧ್ಯಕ್ಷರು ಅದನ್ನೂ ಜೋರಾಗಿ ಓದಿದರು. ಆಮೇಲೆ ಫೋನು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಬೆರಳಲ್ಲಿ ತಳ್ಳಿ ತಳ್ಳಿ ಎರಡು ಫೋಟೋಗಳನ್ನೂ ನೋಡಿದರು. ಸಂಜೆ ಆರಕ್ಕೆ ತಿರುಗಿಸಿದ ಮೇಲೂ ಕಾಲುವೆಯಲ್ಲಿ ಉಳಿದ ನೀರು ಅವಳಿಗೇ ತಾನೇ ಹೋಗುವುದು ಎಂದು ಗುರುಸ್ವಾಮಿ ತಕರಾರು ತೆಗೆದ. ಅದುನ್ನ ಏಡಿ ಬಿಲ ಕುಡಿತವೆ, ಬಾ ತೋರುಸ್ತೀನಿ ಎಂದಳು ಚಿಕ್ಕತಾಯಮ್ಮ. ಜನ ನಕ್ಕರು. ಸರದಿಯನ್ನು ನೀರು ಗದ್ದೆ ಮುಟ್ಟಿದ ಹೊತ್ತಿನಿಂದಲೇ ಲೆಕ್ಕ ಹಿಡಿಯಬೇಕು, ಮಾದೇವಯ್ಯನೇ ಮುಂದುವರಿಯಲಿ ಎಂದು ಪುಸ್ತಕದಲ್ಲಿ ಬರೆದರು. ಎಂಥ ಆ್ಯಪ್ ಮಾಡಿದ್ದೀಯವ್ವ, ಪಕ್ಕದ ಕಾಲುವೆಗೂ ಹಾಕಿಕೊಡು ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು. ನಾನು ಉಬ್ಬಿ ಹೋದೆ, ಸುಳ್ಳೇಕೆ.

ಬಸ್ ಸ್ಟಾಪಿನವರೆಗೆ ಮಾವ ನನ್ನ ಲ್ಯಾಪ್‌ಟಾಪ್ ಬ್ಯಾಗು ಹೊತ್ತುಕೊಂಡು ಬಂದ. ಗೆದ್ದವನ ನಡಿಗೆಯಾಗಿರಲಿಲ್ಲ ಅದು. ಏನಾಯಿತು ಮಾವ, ಖುಷಿಯಿಲ್ಲವಾ ಎಂದು ಕೇಳಿದೆ. ಅವನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

"ಅದೇ ಮಾತ್ನ ಇಪ್ಪತ್ತಾರ್ ವರ್ಸದಿಂದ ಬಾಯ್ಲಿ ಏಳ್ತಾ ಬಂದೆ ಕಣವ್ವ. ಯಾರೂ ಒಂದ್ ದಿನಾನೂ ಕಿವಿಗಾಕ್ಕೊಳ್ನಿಲ್ಲ. ಇವತ್ ಫೋನು ಏಳ್ತು, ಕೇಳುದ್ರು."

ನಾನು ಅವನ ಹೆಗಲಿಂದ ಬ್ಯಾಗು ತೆಗೆದುಕೊಂಡೆ. ಬಸ್ ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಅವನು ಆಗಲೇ ಬೆನ್ನು ತಿರುಗಿಸಿ ನಾಲೆ ಕಡೆ ಹೊರಟಿದ್ದ, ಆರು ಗಂಟೆಗೆ ತೂಬು ತಿರುಗಿಸಬೇಕಿತ್ತು.

ಈ ವರ್ಷ ಇನ್‌ಸ್ಟಿಟ್ಯೂಟಿನಲ್ಲಿ ಕಿರುಚಿದ ಮೇಲೆ ನಾಚಿಕೆಯಾಗಿ ಆ ಹುಡುಗಿಗೆ ಸಮಾಧಾನ ಹೇಳಿ, ಹೊರಗೆ ಮೆಟ್ಟಿಲ ಮೇಲೆ ಬಂದು ಮಾವನಿಗೆ ಫೋನು ಮಾಡಿದೆ. ಪೂಜೆ ಆಯಿತಾ ಎಂದೆ. ಆಯಿತು ಎಂದ, ಸನಿಕೆಗೆ, ಸೈಕಲ್ಲಿಗೆ, ಟಾರ್ಚಿಗೆ ಎಲ್ಲಕ್ಕೂ ಗಂಧ ಇಟ್ಟೆ ಎಂದ. ಫೋನಿಗೆ ಎಂದು ತಮಾಷೆಗೆ ಕೇಳಿದೆ.

"ಅದ್ಕಿಡ್ನಿಲ್ಲ ಕಣವ್ವ," ಅಂದ. "ಅದ್ರ ಬಾಯಿ ಕಟ್ಬಾರ್ದು. ಈ ಊರಲ್ಲಿ ನಮ್ಮ ಪರ್ವಾಗಿ ಅದೊಂದೇ ಮಾತಾಡಾದು."

ಆಮೇಲೆ ನೀರಿನ ಹೊತ್ತಾಯಿತು ಎಂದು ಇಟ್ಟುಬಿಟ್ಟ. ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಒಳಗಿನಿಂದ ಹುಡುಗಿಯರು ಮಂಗಳಾರತಿಗೆ ಕರೆಯುವವರೆಗೆ.